ಎದೋ ಕಾಲದ ‘ಏಳು ಗಂಟೆ’ ಅಂದರೆ ಎಷ್ಟು ಹೊತ್ತು?

ಮಲೆನಾಡಿಗ:
ಜಪಾನಿನ ಎದೋ ಕಾಲದ (1603–1868) ಪ್ರಯಾಣದ ವಿವರ ಓದುವಾಗ ಗಂಟೆಗಳು ತಾಳೆಯಾಗುತ್ತಿಲ್ಲ. ನಿಹೊನ್‌ಬಾಶಿ ಸೇತುವೆಯಿಂದ ‘ಏಳಕ್ಕೆ’ ಹೊರಟವರ ಕೈಯಲ್ಲಿ ದೀಪ, ಬೆಳಕು ಹರಿಯುವುದು ‘ಆರಕ್ಕೆ’. ನಡುಹಗಲು ‘ಒಂಬತ್ತು’, ಆಮೇಲಿನ ತಿಂಡಿ ‘ಎಂಟಕ್ಕೆ’. ಅನುವಾದ ತಪ್ಪೋ, ಎಣಿಕೆಯೇ ಹಿಮ್ಮುಖವೋ? ಈಗಿನ ಗಂಟೆಗೆ ತರುವುದು ಹೇಗೆ?

ತಿಥಿವಾರ:
ಅನುವಾದ ಸರಿ, ಎಣಿಕೆಯೇ ಹಾಗೆ. ಬೆಳಗಾಗುವುದು ಆರು, ಆಮೇಲೆ ಐದು, ನಾಲ್ಕು, ನಡುಹಗಲಿಗೆ ಒಂಬತ್ತು, ಎಂಟು, ಏಳು, ಮುಸ್ಸಂಜೆಗೆ ಮತ್ತೆ ಆರು. ರಾತ್ರಿಗೂ ಇದೇ ಸರಣಿ, ನಡುರಾತ್ರಿ ಒಂಬತ್ತು. ಒಂದು, ಎರಡು, ಮೂರು ಇಲ್ಲವೇ ಇಲ್ಲ. ಕಾರಣವಾಗಿ ಸಾಮಾನ್ಯವಾಗಿ ಹೇಳುವುದು ಒಂಬತ್ತರ ಮಗ್ಗಿ: 9, 18, 27, 36, 45, 54. ಹತ್ತರ ಸ್ಥಾನ ಬಿಟ್ಟರೆ 9, 8, 7, 6, 5, 4 ಉಳಿಯುತ್ತದೆ, ಅಷ್ಟು ಸಲ ಗಂಟೆ ಹೊಡೆಯುತ್ತಿದ್ದರು.

ಇನ್ನು ಅಳತೆ. ಹಗಲಿಗೆ ಆರು ಪಾಲು, ರಾತ್ರಿಗೆ ಆರು ಪಾಲು. ಪಾಲಿಗೆ ‘ತೊಕಿ’ ಎಂದು ಹೆಸರು. ಹಗಲು ಬೆಳೆದರೆ ಪಾಲೂ ಬೆಳೆಯುತ್ತದೆ. ನಮ್ಮ ಪಂಚಾಂಗದಲ್ಲಿ ರಾಹುಕಾಲಕ್ಕೆ ಸೂರ್ಯೋದಯದಿಂದ ಅಸ್ತದವರೆಗಿನ ಹೊತ್ತನ್ನು ಎಂಟು ಭಾಗ ಮಾಡುತ್ತೇವಲ್ಲ, ಅದೇ ಬಗೆ. ಆದರೆ ಒಂದು ಕಡೆ ಎಲ್ಲರೂ ಎಡವುತ್ತಾರೆ: ಇವರ ಹಗಲು ಸೂರ್ಯೋದಯಕ್ಕೆ ಶುರುವಾಗುವುದಿಲ್ಲ. ನಸುಕಿನಲ್ಲಿ, ಅಂಗೈ ಗೆರೆ ಕಾಣುವಷ್ಟು ಬೆಳಕಾದಾಗ ‘ಬೆಳಗಿನ ಆರು’. ಲೆಕ್ಕಕ್ಕೆ ದಿನವನ್ನು 100 ‘ಕೊಕು’ ಮಾಡಿ ಎರಡೂವರೆ ಕೊಕು, ಅಂದರೆ 36 ನಿಮಿಷ, ಸೂರ್ಯೋದಯಕ್ಕೆ ಮುಂಚೆ ಹಿಡಿಯುತ್ತಿದ್ದರು. ಸಂಜೆ ಅಷ್ಟೇ ಅಸ್ತದ ನಂತರ. 1798ರಿಂದ ಜಾರಿಗೆ ಬಂದ ಕಾನ್ಸೆಇ ಪಂಚಾಂಗ ಇದಕ್ಕೆ ಬದಲು ಸೂರ್ಯ ದಿಗಂತದ ಕೆಳಗೆ ಎಷ್ಟು ಅಂಶ ಇದ್ದಾನೆಂದು ನೋಡಿತು. ಕೆಲವು ನಿಮಿಷ ಹೆಚ್ಚುಕಮ್ಮಿ, ಓದುಗರಿಗೆ 36 ಸಾಕು.

ಲೆಕ್ಕ ಹೀಗೆ. ಎದೋ ಅಂದರೆ ಇಂದಿನ ಟೋಕಿಯೋ. ಅಲ್ಲಿನ ಅತಿ ದೀರ್ಘ ಹಗಲು ಸುಮಾರು 14 ಗಂಟೆ 35 ನಿಮಿಷ. ಎರಡೂ ತುದಿಗೆ 36 ಸೇರಿಸಿ ಆರರಿಂದ ಭಾಗಿಸಿದರೆ ಹಗಲಿನ ತೊಕಿ 2 ಗಂಟೆ 38 ನಿಮಿಷ, ರಾತ್ರಿಯದು ಬರೀ 1 ಗಂಟೆ 22. ಡಿಸೆಂಬರ್ ಕೊನೆಗೆ ಹಗಲಿನದು 1 ಗಂಟೆ 49, ರಾತ್ರಿಯದು 2 ಗಂಟೆ 11. ಹಾಗಾಗಿ ನಿಮ್ಮ ‘ಏಳಕ್ಕೆ’ ಹೊರಟವರು ಚಳಿಗಾಲದಲ್ಲಿ ನಸುಕಿನ 4ರ ಹೊತ್ತಿಗೆ ಹೊರಟರೆ, ಜೂನ್ ಕೊನೆಗೆ ಎರಡೂವರೆಗೇ ಹೊರಟಂತೆ. ದೀಪ ಬೇಕೇ ಬೇಕು.

ತಿಂಡಿಯ ಎಂಟು ಇವತ್ತಿಗೂ ಉಳಿದಿದೆ. ಜಪಾನಿನಲ್ಲಿ ಮಧ್ಯಾಹ್ನದ ತಿನಿಸಿಗೆ ‘ಒಯಾತ್ಸು’ ಅನ್ನುತ್ತಾರೆ. ‘ಯಾತ್ಸು’ ಅಂದರೆ ಎಂಟು.

ಮಲೆನಾಡಿಗ:
ಹಾಗಾದರೆ ಯಂತ್ರದ ಗಡಿಯಾರ ಹೇಗೆ ನಡೆಯಿತು? ಅದು ಒಂದೇ ವೇಗದಲ್ಲಿ ತಾನೆ ಓಡುವುದು?

ಗಡಿಯಾರದಂಗಡಿ:
ಅಲ್ಲೇ ಅವರ ಜಾಣ್ಮೆ. ಯುರೋಪಿನ ಗಡಿಯಾರ 16ನೇ ಶತಮಾನದಲ್ಲೇ ಬಂದಿತ್ತು. 1581ರಲ್ಲಿ ಮ್ಯಾಡ್ರಿಡ್‌ನಲ್ಲಿ ಮಾಡಿದ್ದೊಂದು ಎದೋ ಆಳ್ವಿಕೆ ಶುರುಮಾಡಿದ ತೊಕುಗಾವಾ ಇಎಯಾಸುವಿಗೆ ಕಾಣಿಕೆಯಾಗಿ ಬಂದು, ಇನ್ನೂ ಕುನೋಜಾನ್ ತೋಶೋಗೂ ದೇಗುಲದಲ್ಲಿದೆ. ಆ ಕಾಲದ ಯಂತ್ರದಲ್ಲಿ ಲೋಲಕವಿಲ್ಲ. ಅಡ್ಡದಂಡವೊಂದು ಅತ್ತಿತ್ತ ತಿರುಗುತ್ತದೆ, ಅದರ ಎರಡು ತುದಿಯ ಹಲ್ಲುಗಳಿಗೆ ಪುಟ್ಟ ತೂಕಗಳು. ತೂಕ ಹೊರಕ್ಕೆ ಸರಿದರೆ ನಿಧಾನ, ಒಳಕ್ಕೆ ಸರಿದರೆ ವೇಗ. ಒಂದೇ ದಂಡವಿದ್ದರೆ ದಿನಕ್ಕೆ ಎರಡು ಸಲ, ಬೆಳಗಿನ ಆರಕ್ಕೂ ಸಂಜೆಯ ಆರಕ್ಕೂ, ತೂಕ ಸರಿಸುವ ಕೆಲಸ.

ಜಪಾನಿನ ಕುಶಲಿಗಳು ಎರಡು ದಂಡ ಕೂರಿಸಿದರು, ಹಗಲಿಗೊಂದು, ರಾತ್ರಿಗೊಂದು. ಆರು ಹೊಡೆಯುವಾಗ ಯಂತ್ರವೇ ಒಂದನ್ನು ಬಿಡಿಸಿ ಇನ್ನೊಂದನ್ನು ಹಿಡಿಯುತ್ತದೆ. ಆಗ ತೂಕ ಸರಿಸುವುದು ವರ್ಷಕ್ಕೆ 24 ಸಲ, ಸುಮಾರು 15 ದಿನಕ್ಕೊಮ್ಮೆ. ದಂಡದ ಎರಡೂ ತುದಿಯನ್ನು ಒಂದೇ ಅಳತೆಗೆ ಸರಿಸಬೇಕು. ಒಂದು ಕಡೆ ಒಂದು ಹಲ್ಲು ತಪ್ಪಿದರೂ ದಂಡ ವಾಲಿ ಬಡಿತ ಕೆಡುತ್ತದೆ.

ಇನ್ನೊಂದು ದಾರಿ: ಗಡಿಯಾರ ಒಂದೇ ವೇಗದಲ್ಲಿ ಓಡಲಿ, ಮುಖಫಲಕದ ಅಂಕಿಬಿಲ್ಲೆಗಳನ್ನು ಋತುವಿಗೆ ತಕ್ಕಂತೆ ಸರಿಸಿದರಾಯಿತು. ತನಾಕಾ ಹಿಸಾಶಿಗೆ ಎಂಬ ಕುಶಲಿ 1851ರಲ್ಲಿ ಮುಗಿಸಿದ ಮಹಾಗಡಿಯಾರದಲ್ಲಿ ಆ ಬಿಲ್ಲೆಗಳು ತಾವೇ ಸರಿಯುತ್ತವೆ. ನನ್ನ ಮಟ್ಟಿಗೆ ಅದಕ್ಕಿಂತ ಸುಂದರ ಯಂತ್ರ ಆ ಕಾಲದಲ್ಲಿಲ್ಲ.

ತಿಥಿವಾರ:
ಒಂದು ಸೇರಿಸುತ್ತೇನೆ. ಊರಿನ ಗಂಟೆ ಎಣಿಸುವ ವಿವರ ಬಂದರೆ ಎಚ್ಚರ: ಎದೋದಲ್ಲಿ ಮೊದಲು ಮೂರು ಹೊಡೆತ ಬರೀ ಗಮನ ಸೆಳೆಯಲು, ಎಣಿಕೆ ಆಮೇಲೆ. ಒಂಬತ್ತು ಕೇಳಿಸಿದರೆ ಅದು ಆರು. ಮತ್ತೆ, ಈ ಲೆಕ್ಕ 1872ರ ಕೊನೆಯವರೆಗೆ ಮಾತ್ರ. 1873ರ ಜನವರಿ 1ರಿಂದ ಹೊಸ ಕ್ಯಾಲೆಂಡರ್ ಜೊತೆಗೆ 24 ಗಂಟೆಯ ದಿನ ಬಂತು. ಆಮೇಲಿನ ಕಾಗದಪತ್ರದಲ್ಲಿ ಏಳು ಅಂದರೆ ಏಳೇ.