ಪಿಚರ್‌ನ ಅಳೆಯೋದು ಇಆರ್‌ಎ ಇಂದಲೋ, ಬ್ಯಾಟಿಗೆ ತಗುಲಿದ ಚೆಂಡಿನಿಂದಲೋ?

ಸ್ಕೋರ್‌ಬುಕ್ ಧಾರವಾಡ
ನಮಸ್ಕಾರ್ರಿ. ಧಾರವಾಡದಾಗ ಕಾಲೇಜ್ ಹುಡುಗರ ಬೇಸ್‌ಬಾಲ್ ಟೀಮಿಗೆ ಸ್ಕೋರ್ ಬರೀತೀನಿ. ಇಬ್ಬರು ಪಿಚರ್ (ಚೆಂಡು ಎಸಿಯೋರು) ತಲಾ 40 ಇನ್ನಿಂಗ್ಸ್ ಹಾಕ್ಯಾರ. ಮೊದಲನೆಯವನ ಇಆರ್‌ಎ (ಫೀಲ್ಡರ್ ತಪ್ಪಿಂದ ಬಂದದ್ದು ಬಿಟ್ಟು 9 ಇನ್ನಿಂಗ್ಸಿಗೆ ಕೊಟ್ಟ ರನ್, ಕಡಿಮಿ ಇದ್ರ ಚಲೋ) 4.95, ಎರಡನೆಯವಂದು 3.15. ಕೋಚ್ ಸರ್ ಎರಡನೆಯವನ್ನ ಫೈನಲ್‌ಗೆ ಇಳಿಸೂನು ಅಂತಾರ. ನನ್ನ ಪುಸ್ತಕದಾಗ ಹಿಂಗೈತಿ:

ಮೊದಲನೆಯವ: ಬ್ಯಾಟಿಗೆ ತಗುಲಿ ಆಟಕ್ಕ ಬಂದ ಚೆಂಡು 120. ಗ್ರೌಂಡ್ ಬಾಲ್ (ನೆಲಕ್ಕ ಬಡದು ಹೋದದ್ದು) 66, ಫ್ಲೈ (ಎತ್ತರಕ್ಕ ಹಾರಿದ್ದು) 30, ಲೈನ್ ಡ್ರೈವ್ (ತಗ್ಗಿನಾಗ ನೇರ ಹಾರಿದ್ದು) 24. ಹಿಟ್ (ಹೊಡದು ಬೇಸ್ ಮುಟ್ಟಿದ್ದು) 44. ಸ್ಟ್ರೈಕೌಟ್ (ಮೂರು ಸ್ಟ್ರೈಕಿಗೆ ಔಟ್) 34, ವಾಕ್ (ನಾಲ್ಕು ಕೆಟ್ಟ ಎಸೆತಕ್ಕ ಪುಕ್ಕಟೆ ಬೇಸ್) 11.
ಎರಡನೆಯವ: 124. ಗ್ರೌಂಡ್ 42, ಫ್ಲೈ 50, ಲೈನ್ ಡ್ರೈವ್ 32. ಹಿಟ್ 30. ಸ್ಟ್ರೈಕೌಟ್ 21, ವಾಕ್ 19.

ಗ್ರೌಂಡಿಗೆ ಬೇಲಿ ಇಲ್ರಿ. ಹೋಮ್ ರನ್ ಅಂದ್ರ ನಾಲ್ಕೂ ಬೇಸ್ ಓಡೇ ಹೊಡೀಬೇಕು, ಅದಕ್ಕ ಹಿಟ್ಟಿನಾಗ ಸೇರಿಸೇನಿ. ಈ ಲೆಕ್ಕದಿಂದ ಏನರ ಹೇಳಾಕ ಬರತೈತೇನ್ರಿ?

ಎರಡನೇ ಬೇಸ್, ಹುಬ್ಬಳ್ಳಿ
ಬರತೈತ್ರಿ, ಚಲೋ ಬರಕೊಂಡೀರಿ. ಅಮೆರಿಕದ ಮೇಜರ್ ಲೀಗ್‌ನಾಗ 100 ಗ್ರೌಂಡ್ ಬಾಲಿಗೆ ಸುಮಾರು 24 ಹಿಟ್ ಆಗತಾವ, 100 ಲೈನ್ ಡ್ರೈವಿಗೆ 68ರ ಆಸುಪಾಸು, ಹೋಮ್ ರನ್ ಹಿಡದು 100 ಫ್ಲೈಗೆ ಸುಮಾರು 20. ಅದನ್ನ ನಿಮ್ಮ ಅಂಕಿಗೆ ಹಚ್ಚಿ ನೋಡ್ರಿ.

ಮೊದಲನೆಯವಗ 16 + 16 + 6, ಅಂದ್ರ 38 ಹಿಟ್ ಆಗಬೇಕಿತ್ತು, ಆಗಿದ್ದು 44. ಎರಡನೆಯವಗ 10 + 22 + 10, ಅಂದ್ರ 42 ಆಗಬೇಕಿತ್ತು, ಆಗಿದ್ದು 30. ಒಬ್ಬಗ ನಸೀಬು ಕೈಕೊಟ್ಟೈತಿ, ಇನ್ನೊಬ್ಬಗ ಕೈ ಹಿಡದೈತಿ. ಇಆರ್‌ಎ ಒಳಗ ಇದು ಕಾಣೂದಿಲ್ಲ. ಪಿಚರ್ ಕೈಯಾಗ ಇರೂದು ಸ್ಟ್ರೈಕೌಟ್, ವಾಕ್, ಹೋಮ್ ರನ್. ಆಟಕ್ಕ ಬಂದ ಚೆಂಡು ಹಿಟ್ ಆಗೂದು ಬಿಡೂದು ಅವನ ಕೈಯಾಗ ಭಾಳ ಕಡಿಮಿ ಅಂತ ಅಮೆರಿಕದ ಬೇಸ್‌ಬಾಲ್ ಅಂಕಿಅಂಶ ಬರಹಗಾರ ವೊರೊಸ್ ಮೆಕ್‌ಕ್ರ್ಯಾಕನ್ 2001ರಾಗ ಬರದಿದ್ದು ಇದನ್ನ.

ಎಡಗೈ ಪಿಚ್, ಗದಗ
ತೀರ್ಮಾನ ಸರಿ, ಆದರೆ ಆ ದಾರಿಯಲ್ಲಿ ಒಂದು ಕಾಲು ಪೊಳ್ಳು. ಎರಡನೆಯವನ 42 ನಿರೀಕ್ಷಿತ ಹಿಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿರುವುದು 32 ಲೈನ್ ಡ್ರೈವ್‌ನಿಂದ. ಲೈನ್ ಡ್ರೈವ್ ಪ್ರಮಾಣ ನೆಲೆ ನಿಲ್ಲಲು ಸುಮಾರು 600 ಚೆಂಡು ಬೇಕು, ಹಿಟ್ ಆಗುವ ಪ್ರಮಾಣಕ್ಕೆ 2000. ಗ್ರೌಂಡ್ ಬಾಲ್ ಪ್ರಮಾಣಕ್ಕೆ ಮಾತ್ರ 70 ಸಾಕು. ಹಾಗಾಗಿ 120–124 ಚೆಂಡಿನಲ್ಲಿ ನಂಬಬಹುದಾದದ್ದು ಗ್ರೌಂಡ್ ಬಾಲ್ ಪ್ರಮಾಣ: ಮೊದಲನೆಯವನದು ಶೇ. 55, ಎರಡನೆಯವನದು ಶೇ. 34. ಮೇಜರ್ ಲೀಗ್ ಸರಾಸರಿ 43–44.

ಇದಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಕೊನೆಯ ಎರಡು ಅಂಕಿಗಳಲ್ಲೇ ಇದೆ. ಸ್ಟ್ರೈಕೌಟ್‌ನಿಂದ ವಾಕ್ ಕಳೆಯಿರಿ, ಎದುರಿಸಿದ ಬ್ಯಾಟರ್‌ಗಳ ಸಂಖ್ಯೆಯಿಂದ ಭಾಗಿಸಿ. ಮೊದಲನೆಯವನು 165 ಬ್ಯಾಟರ್‌ಗೆ 23, ಅಂದರೆ ಶೇ. 14. ಎರಡನೆಯವನು 164ಕ್ಕೆ ಬರೀ 2, ಶೇ. 1. ಇಷ್ಟು ದೊಡ್ಡ ಅಂತರ ಆಕಸ್ಮಿಕವಾಗಿ ಬರುವುದು ಅಪರೂಪ. ನಾನಾದರೆ ಮೊದಲನೆಯವನ ಕೈಗೇ ಚೆಂಡು ಕೊಡುತ್ತೇನೆ.

ಇನ್ನು ಬರೆಯುವ ರೀತಿ. ಮೇಜರ್ ಲೀಗ್‌ನಲ್ಲಿ ಚೆಂಡಿನ ಚಲನೆ ಅಳೆಯುವ ಸ್ಟಾಟ್‌ಕಾಸ್ಟ್ ವ್ಯವಸ್ಥೆಯ ಲೆಕ್ಕದಲ್ಲಿ ಬ್ಯಾಟಿನಿಂದ ಹೊರಟ ಕೋನ 10 ಡಿಗ್ರಿಗಿಂತ ಕಡಿಮೆ ಇದ್ದರೆ ಗ್ರೌಂಡ್ ಬಾಲ್, 10–25 ಲೈನ್ ಡ್ರೈವ್, 25–50 ಫ್ಲೈ, ಅದಕ್ಕೂ ಮೇಲೆ ಪಾಪ್‌ಅಪ್. ಕಣ್ಣಳತೆಯಲ್ಲಿ ತಪ್ಪಾಗುವುದು 25ರ ಗಡಿಯಲ್ಲಿ. ಅನುಮಾನಕ್ಕೆ ಎಡೆಯಾದ ಚೆಂಡು ಹಿಟ್ ಆಯಿತೆಂದರೆ ಪೆನ್ನು ತಾನಾಗಿ 'ಲೈನ್ ಡ್ರೈವ್' ಎಂದು ಬರೆಯುತ್ತದೆ, ಕ್ಯಾಚ್ ಆದರೆ 'ಫ್ಲೈ'. ಆದ್ದರಿಂದ ಚೆಂಡು ಫೀಲ್ಡರ್ ಕೈ ಸೇರುವ ಮೊದಲೇ ಗುರುತು ಹಾಕಿ. ಎಲ್ಲ ಪಂದ್ಯದಲ್ಲೂ ಒಬ್ಬರೇ, ಒಂದೇ ಎತ್ತರದಲ್ಲಿ ಕುಳಿತು ಬರೆಯಬೇಕು. ಪಾಪ್‌ಅಪ್‌ಗೆ ಬೇರೆ ಕಾಲಂ ಇಡಿ: ಅದು ಹೆಚ್ಚುಕಡಿಮೆ ಸ್ಟ್ರೈಕೌಟ್ ಇದ್ದಂತೆ, ಫ್ಲೈನಲ್ಲಿ ಸೇರಿಸಿದರೆ ಪಿಚರ್‌ಗೆ ಅನ್ಯಾಯ.

ಎರಡನೇ ಬೇಸ್, ಹುಬ್ಬಳ್ಳಿ
ಲೈನ್ ಡ್ರೈವ್ ಮಾತು ಒಪ್ಪೀನ್ರಿ, ಅದರ ಮ್ಯಾಲೆ ನಾ ಭಾರ ಹಾಕಬಾರದಿತ್ತು. ಇನ್ನೊಂದು ಐತಿ. 100 ಗ್ರೌಂಡ್ ಬಾಲಿಗೆ 24 ಅನ್ನೂದು ಹುಲ್ಲು ಕತ್ತರಿಸಿ, ರೋಲರ್ ಹೊಡದ ಗ್ರೌಂಡಿನ ಅಂಕಿ, ಕಟಗಿ ಬ್ಯಾಟಿಂದು. ನಮ್ಮ ಕಡೆ ಎರಿ ನೆಲ ಮಾರ್ಚ್ ಬಂದ್ರ ಬಿರುಕು ಬಿಡತೈತಿ. ಚೆಂಡು ಬಿರುಕಿನ ಅಂಚಿಗೆ ಬಡದು ಶಾರ್ಟ್‌ಸ್ಟಾಪ್‌ನ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಮೊಣಕೈ ಮ್ಯಾಲೆ ಹಾರಿ ಹೊಕ್ಕೈತಿ. ಅಲ್ಯೂಮಿನಿಯಂ ಬ್ಯಾಟ್ ಇದ್ರ ಇನ್ನೂ ಜೋರು. ನಿಮ್ಮ ಗ್ರೌಂಡಿನ ಅಂಕಿ ನೀವೇ ತಗೀರಿ: ನಿಮ್ಮ ಎಲ್ಲಾ ಪಿಚರ್, ಎದುರಾಳಿ ಪಿಚರ್ ಸೇರಿಸಿ ಎಷ್ಟು ಗ್ರೌಂಡ್ ಬಾಲಿಗೆ ಎಷ್ಟು ಮಂದಿ ಫಸ್ಟ್ ಬೇಸ್ ಮುಟ್ಟಿದ್ರು. ಎರರ್ (ಫೀಲ್ಡರ್ ತಪ್ಪು) ಆಗಿದ್ದನ್ನೂ ಸೇರಿಸ್ರಿ, ಪಿಚರ್‌ಗೆ ಎರಡೂ ಒಂದ.

ಸ್ಕೋರ್‌ಬುಕ್ ಧಾರವಾಡ
ಭಾಳ ಉಪಕಾರ ಆತ್ರಿ. ಎಣಿಸಿ ನೋಡಿದೆ: ನಮ್ಮ ಗ್ರೌಂಡಿನಾಗ 210 ಗ್ರೌಂಡ್ ಬಾಲಿಗೆ 71 ಮಂದಿ ಬೇಸ್ ಮುಟ್ಯಾರ, ಶೇ. 34. ಹಂಗಾದ್ರ ಗ್ರೌಂಡ್ ಬಾಲ್ ಪಿಚರ್ ನಮಗ ಲುಕ್ಸಾನ ಅಲ್ಲೇನ್ರಿ?

ಎಡಗೈ ಪಿಚ್, ಗದಗ
ಲಾಭ ಕಡಿಮೆಯಾಗುತ್ತದೆ, ನಿಜ. ಆದರೂ ಗ್ರೌಂಡ್ ಬಾಲ್ ಹಿಟ್ ಬಹುತೇಕ ಒಂದೇ ಬೇಸಿಗೆ ನಿಲ್ಲುತ್ತದೆ, ಮೇಲಾಗಿ ಡಬಲ್ ಪ್ಲೇ (ಒಂದೇ ಚೆಂಡಿಗೆ ಇಬ್ಬರು ಔಟ್) ಸಿಗುತ್ತದೆ. ಬೇಲಿಯಿಲ್ಲದ ನೆಲದಲ್ಲಿ ಔಟ್‌ಫೀಲ್ಡರ್ ತಲೆ ಮೇಲೆ ಹೋದ ಫ್ಲೈ ನಾಲ್ಕು ಬೇಸ್ ತಿನ್ನುತ್ತದೆ. 34ನ್ನು ಇಳಿಸುವುದು ನಿಮ್ಮ ಕೈಯಲ್ಲೇ ಇದೆ: ಫೈನಲ್‌ಗೆ ಎರಡು ದಿನ ಮೊದಲು ಇನ್‌ಫೀಲ್ಡಿನ ಬಿರುಕುಗಳಿಗೆ ಸಣ್ಣ ಮಣ್ಣು ತುಂಬಿ ನೀರು ಹಾಯಿಸಿ, ಮೇಲ್ಮೈ ಕೈಗೆ ಅಂಟದಷ್ಟು ಆರಿದ ಮೇಲೆ ರೋಲರ್ ಎಳೆಯಿರಿ. ಹಸಿ ಎರೆಯ ಮೇಲೆ ಎಳೆದರೆ ಮಣ್ಣು ರೋಲರಿಗೇ ಮೆತ್ತಿಕೊಂಡು ಏಳುತ್ತದೆ. ಪಂದ್ಯದ ದಿನ ಬೆಳಿಗ್ಗೆ ಹೋಮ್ ಪ್ಲೇಟ್ (ಬ್ಯಾಟರ್ ನಿಂತು ಹೊಡೆಯುವ ಕಡೆ) ಮುಂದಿನ ಜಾಗಕ್ಕೆ ಇನ್ನೊಮ್ಮೆ ತೆಳ್ಳಗೆ ನೀರು ಚಿಮುಕಿಸಿ, ಚೆಂಡಿನ ಮೊದಲ ಪುಟಿತ ಸತ್ತು ಬರುತ್ತದೆ.