ಪದ ಬೇಕು: ಜಪಾನಿಯ ‘ತತಾರಿ’ಗೆ ಕನ್ನಡದಲ್ಲಿ ಏನನ್ನೋಣ? (ಶಾಪ ಬೇಡ)

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕಾಗಿದೆ. ತತಾರಿ ಅಂದರೆ ದೇವರೋ ಸತ್ತವರ ಆತ್ಮವೋ ಮುನಿದು ತರುವ ಕೇಡು.

‘ಹಿಗುರಾಶಿ ನೋ ನಾಕು ಕೊರೊ ನಿ’ ಅನ್ನೋ ಜಪಾನಿ ವಿಶುವಲ್ ನಾವೆಲನ್ನು (ಚಿತ್ರ ನೋಡುತ್ತಾ ಓದಿಕೊಂಡು ಹೋಗುವ ಕಂಪ್ಯೂಟರ್ ಆಟ) ನಾವು ಮೂವರು ಗೆಳೆಯರು ನಮ್ಮ ಖುಷಿಗೆ ಕನ್ನಡಕ್ಕೆ ತರುತ್ತಿದ್ದೇವೆ. 2002ರಿಂದ 2006ರವರೆಗೆ ಎಂಟು ಕಂತುಗಳಲ್ಲಿ ಬಂದದ್ದು. ಕಥೆ ನಡೆಯುವುದು 1983ರ ಜೂನ್‌ನಲ್ಲಿ, ಹಿನಾಮಿಜಾವಾ ಅನ್ನೋ ಬೆಟ್ಟದೂರಲ್ಲಿ. ಕಲ್ಪನೆಯ ಊರು, ಆದರೆ ಮಾದರಿ ಗಿಫು ಪ್ರಾಂತ್ಯದ ಶಿರಕಾವಾ-ಗೊ. ಪ್ರತಿ ವರ್ಷ ಊರಹಬ್ಬದ ರಾತ್ರಿ ಒಬ್ಬರು ಸಾಯುತ್ತಾರೆ, ಒಬ್ಬರು ಕಾಣೆಯಾಗುತ್ತಾರೆ. ಊರದೇವರು ಒಯಾಶಿರೊ-ಸಾಮಾ. ಜನ ಪಿಸುಗುಡುವುದು ಒಂದೇ ಮಾತು: ‘ಒಯಾಶಿರೊ-ಸಾಮಾನ ತತಾರಿ’.

‘ಶಾಪ’ ಹಾಕಿ ನೋಡಿದೆವು. ಕೂರಲಿಲ್ಲ. ಶಾಪವನ್ನು ಯಾರಾದರೂ ಬಾಯಿಬಿಟ್ಟು ಕೊಡಬೇಕು, ಅಲ್ವಾ? ಮನುಷ್ಯರು ಒಬ್ಬರಿಗೊಬ್ಬರು ಹಾಕುವುದಕ್ಕೆ ಜಪಾನಿಯಲ್ಲಿ ‘ನೊರೊಯ್’ ಅಂತ ಬೇರೆ ಪದವೇ ಇದೆ. ‘ಮುನಿದ’ ಅನ್ನೋಣ ಅಂದರೆ ಇನ್ನೊಂದು ತೊಡಕು. ದೇವರು ಗಂಡೋ ಹೆಣ್ಣೋ ಅಂತ ಜಪಾನಿ ಕ್ರಿಯಾಪದ ಹೇಳುವುದಿಲ್ಲ, ನಮ್ಮದು ಮೊದಲ ಸಾಲಲ್ಲೇ ಹೇಳಿಬಿಡುತ್ತದೆ. ಹಾಗಾಗಿ ನಾಮಪದವೇ ಬೇಕು.

ಮರು 1:
ಮುಳಿಸು, ಅಂದರೆ ಕೋಪ. ಹಳಗನ್ನಡದ್ದು, ಅಚ್ಚಗನ್ನಡ. ಇನ್ನು ಚರ್ಚೆ ಯಾಕೆ?

ಮರು 2:
ಆಟಕ್ಕೆ ಕೂತ ಹುಡುಗರ ಕೈಗೆ ನಿಘಂಟು ಕೊಡಿಸುವ ಪದ ಬೇಡ. ತತಾರಿ ನಮ್ಮ ‘ತಟ್ಟು’ವೇ. ‘ದೇವರ ಕೋಪ ತಟ್ಟಿತು’ ಅನ್ನುವುದಿಲ್ಲವೇ? ಜಪಾನಿನ ಭಾಷಾ ವಿದ್ವಾಂಸ ಸುಸುಮು ಓನೊ ಜಪಾನಿಗೂ ತಮಿಳಿಗೂ ನಂಟಿದೆ ಅಂತ ವರ್ಷಗಟ್ಟಲೆ ಬರೆದರು. ತಮಿಳಿಗಿರುವ ನಂಟು ಕನ್ನಡಕ್ಕೂ ಇರಲೇಬೇಕು.

ಮರು 3:
ತಪ್ಪು. ಓನೊ ವಾದವನ್ನು ಹೆಚ್ಚಿನ ಭಾಷಾ ವಿದ್ವಾಂಸರು ಒಪ್ಪಲಿಲ್ಲ. ಸದ್ದು ಹೋಲಿದ ಮಾತ್ರಕ್ಕೆ ನಂಟಾಗುವುದಿಲ್ಲ.

ತತಾರಿಯ ಮೂಲ ಅರ್ಥ ದೇವರು ಕಾಣಿಸಿಕೊಳ್ಳುವುದು ಅಂದವರು ಜಪಾನಿನ ಜಾನಪದ ವಿದ್ವಾಂಸ ಒರಿಕುಚಿ ಶಿನೊಬು. ಬರೆಯುವ ಅಕ್ಷರದಲ್ಲೂ ಮೇಲೆ ‘ಹೊರಬರು’, ಕೆಳಗೆ ದೇವರ ಗುರುತು. ಆಸ್ಥಾನದ ಪಂಡಿತ, ಮಂತ್ರಿ ಸುಗವಾರಾ ನೋ ಮಿಚಿಜಾನೆ 903ರಲ್ಲಿ ದಜೈಫುವಿನಲ್ಲಿ ಗಡೀಪಾರಾಗಿದ್ದಾಗಲೇ ತೀರಿಕೊಂಡ. 930ರಲ್ಲಿ ಕ್ಯೋಟೊ ಅರಮನೆಗೆ ಸಿಡಿಲು ಬಡಿಯಿತು. ಅವನ ತತಾರಿ ಅಂದರು, ಗುಡಿ ಕಟ್ಟಿ ದೇವರು ಮಾಡಿದರು. ಈಗ ಪರೀಕ್ಷೆಗೆ ಮುಂಚೆ ಮಕ್ಕಳು ಅವನನ್ನೇ ಬೇಡಿಕೊಳ್ಳುತ್ತಾರೆ.

ನಮಗೆ ಇದು ಹೊಸದಲ್ಲ. ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’ ಅನ್ನುತ್ತಿದ್ದರು. ರೋಗವೂ ಅವಳೇ, ವಾಸಿ ಮಾಡುವವಳೂ ಅವಳೇ. ನನ್ನ ಅಜ್ಜಿ ಮನೆ ಮಲೆನಾಡಿನ ಸಾಗರದ ಕಡೆ. ಕೊಟ್ಟಿಗೆಯಲ್ಲಿ ಕರು ಸತ್ತರೆ ಅಜ್ಜಿ ತೋಟದ ಮೂಲೆಯಲ್ಲಿದ್ದ, ಕುಂಕುಮ ಮೆತ್ತಿದ ಕಲ್ಲಿನ ಕಡೆ ನೋಡಿ, ದನಿ ತಗ್ಗಿಸಿ ‘ಚೌಡಿ ಕಾಟ’ ಅನ್ನುತ್ತಿದ್ದರು. ಶಾಪ ಅಂದದ್ದು ಒಂದು ಸಲವೂ ಕೇಳಿಲ್ಲ. ಕರಾವಳಿಯವರು ‘ದೈವದ ಉಪದ್ರ’ ಅನ್ನುತ್ತಾರೆ. ಎರಡರಲ್ಲಿ ಒಂದು ಹಾಕಿ.

ಮರು 1:
ಉಪದ್ರ ಸಂಸ್ಕೃತದ ‘ಉಪದ್ರವ’. ಬೇಡವೇ ಬೇಡ. ಕಾಟ ಆಗಬಹುದು, ‘ಕಾಡು’ ನಮ್ಮ ಧಾತು.

ಮರು 3:
ಓದು ಬರಹ ಬಾರದ ಹೆಂಗಸರು ದಿನಾ ಆಡುವ ಪದ ಕನ್ನಡವಲ್ಲ, ಯಾರೂ ಆಡದ ಮುಳಿಸು ಮಾತ್ರ ಕನ್ನಡ. ಇದನ್ನು ನಾನು ಒಪ್ಪುವುದಿಲ್ಲ. ‘ಸುನಾಮಿ’ ಜಪಾನಿನದು. 2004ರ ಆಮೇಲೆ ಎಲ್ಲರ ಬಾಯಲ್ಲೂ ಇದೆ. ಅದನ್ನೂ ತೆಗೆದು ಹಾಕೋಣವೇ?

ಮರು 2:
‘ತಟ್ಟು’ ಬಗ್ಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಕೇಳಿದವನಿಂದ:
ಕಾಟ ಹಾಕಿದೆ. ಆಟದ ಸಾಲಲ್ಲಿ ಚೆನ್ನಾಗಿ ಕೂತಿತು. ಇನ್ನೊಂದು ಲಾಭವೂ ಆಯಿತು. ಮೊದಲು ನಾನು ‘ಒಯಾಶಿರೊ-ಸಾಮಾನ’ ಅಂತ ಬರೆದಿದ್ದೆ, ಆ ವಿಭಕ್ತಿಯಲ್ಲೇ ದೇವರನ್ನು ಗಂಡು ಮಾಡಿಬಿಟ್ಟಿದ್ದೆ. ಈಗ ‘ಚೌಡಿ ಕಾಟ’ದ ಹಾಗೇ, ನಡುವೆ ಏನೂ ಇಲ್ಲದೆ, ‘ಒಯಾಶಿರೊ-ಸಾಮಾ ಕಾಟ’ ಅಂತ ಬರೆದಿದ್ದೇನೆ. ಅಜ್ಜಿಯ ಮಾತು ಹೇಳಿದವರಿಗೆ ತುಂಬಾ ಥ್ಯಾಂಕ್ಸ್.