ಪದಚರ್ಚೆ: 'ಪುದೀನ ಸ್ಥಿತಿ'ಯ ಕಾಮಿಕ್ಸ್, ನಮ್ಮ ಕಡೆಯ 'ಅಡ್ಡಿಲ್ಲ'

ಗೆಳೆಯರೇ,

ಹೋದ ತಿಂಗಳು ಹಳೆ ಕಾಮಿಕ್ಸ್ ಮಾರಾಟದ ಜಾಹೀರಾತೊಂದರಲ್ಲಿ ಈ ಸಾಲು ಕಂಡೆ: 'ಪುಸ್ತಕ ಪುದೀನ ಸ್ಥಿತಿಯಲ್ಲಿದೆ.' ಯಂತ್ರ ಮಾಡಿದ ಅನುವಾದ ಅಂತ ನೋಡಿದ ಕೂಡಲೇ ಗೊತ್ತಾಯಿತು. ಇಂಗ್ಲಿಷಿನಲ್ಲಿ ಮಿಂಟ್ ಅಂದರೆ ಎರಡು ಬೇರೆ ಬೇರೆ ಪದ. ಚಟ್ನಿಗೆ ಹಾಕುವ ಮಿಂಟ್ ಲ್ಯಾಟಿನ್ನಿನ ಮೆಂತಾದಿಂದ ಬಂದದ್ದು. ನಾಣ್ಯ ಹೊಡೆಯುವ ಮಿಂಟ್ ಮೊನೇಟಾದಿಂದ ಬಂದದ್ದು, ಮನಿ ಎಂಬ ಪದವೂ ಅದೇ ಮನೆಯದು. ಟಂಕಸಾಲೆಯಿಂದ ಈಗಷ್ಟೇ ಹೊರಬಿದ್ದ ನಾಣ್ಯದ ಹಾಗೆ ಪುಸ್ತಕ ಹೊಸದಾಗಿದೆ ಅನ್ನುವುದು ಅಲ್ಲಿನ ಅರ್ಥ.

ನಕ್ಕು ಸುಮ್ಮನಾಗಬಹುದಿತ್ತು. ಪುದೀನದಿಂದ ಯಾರಿಗೂ ಮೋಸ ಆಗುವುದಿಲ್ಲ, ಓದಿದವರಿಗೆ ತಪ್ಪು ತಕ್ಷಣ ಗೊತ್ತಾಗುತ್ತದೆ. ನನ್ನ 1,400 ರೂಪಾಯಿ ಹೋದದ್ದು ಸರಿಯಾದ ಅನುವಾದದಿಂದ. ಅದಕ್ಕೇ ಈ ಪತ್ರ.

ಕಾರವಾರದ ಒಬ್ಬರ ಹತ್ತಿರ ಕನ್ನಡ ಇಂದ್ರಜಾಲ ಕಾಮಿಕ್ಸಿನ ಕೆಲವು ಸಂಚಿಕೆಗಳಿದ್ದವು. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರು ಮಾಡಿ 1990ರವರೆಗೆ ತಂದ ಮಾಲಿಕೆ ಅದು. ಅದರ ಕಥಾನಾಯಕರು ಫ್ಯಾಂಟಮ್, ಮ್ಯಾಂಡ್ರೇಕ್, ಆಮೇಲೆ ಬಹಾದ್ದೂರ್. ನಲವತ್ತೈದು ದಾಟಿದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ಒಂದು ಸಂಚಿಕೆಯ ವಿವರದಲ್ಲಿ 'ಸ್ಥಿತಿ: ಬಹಳ ಒಳ್ಳೆಯದು' ಅಂತ ಬರೆದಿದ್ದರು. ದುಡ್ಡು ಕಳಿಸಿದೆ.

ಪಾರ್ಸೆಲ್ ಬಿಚ್ಚಿ ನೋಡಿದರೆ ಬೆನ್ನು ಕೆಳಗಿನಿಂದ ಅರ್ಧ ಇಂಚು ಬಿಟ್ಟಿದೆ. ಎರಡು ಪಿನ್ನಿಗೂ ತುಕ್ಕು ಹಿಡಿದು, ಸುತ್ತಲಿನ ಕಾಗದಕ್ಕೆ ಕಂದು ಬಣ್ಣ ಇಳಿದಿದೆ. ಮುಖಪುಟದ ಮೂಲೆಯನ್ನು ಯಾರೋ ಮಡಚಿ, ಬಿಡಿಸಿ, ಮತ್ತೆ ಮಡಚಿದ್ದಾರೆ. ಫ್ಯಾಂಟಮ್ಮಿನ ಎದೆಯ ಮೇಲೆ ನೀಲಿ ಶಾಯಿಯಲ್ಲಿ '6ನೇ ಬಿ'. ಒಳಗಿನ ಪುಟಗಳು ಎಲ್ಲಾ ಇದ್ದವು, ಅಷ್ಟು ಹೇಳಬೇಕು.

ಸಿಟ್ಟಲ್ಲಿ ಫೋನ್ ಮಾಡಿದೆ. ಅವರು ತಣ್ಣಗೆ ಹೇಳಿದರು: "ವೆರಿ ಗುಡ್ ಅಂದ್ರೆ ಇಷ್ಟೇ ಸರ್. ನಾನು ಅದನ್ನೇ ಕನ್ನಡದಲ್ಲಿ ಬರೆದೆ." ಆಮೇಲೆ ಅಳತೆಯ ಪಟ್ಟಿಯನ್ನೂ ಕಳಿಸಿದರು. ನೋಡಿದೆ. ಅವರದ್ದೇ ಸರಿ.

ಅಮೆರಿಕದ ಕಾಮಿಕ್ಸ್ ಮಾರುಕಟ್ಟೆಯಲ್ಲಿ ಹತ್ತು ಅಂಕದ ಅಳತೆ ನಡೆಯುತ್ತದೆ. ಸಿಜಿಸಿ ಎಂಬ ಸಂಸ್ಥೆ 2000ದಿಂದ ಪುಸ್ತಕಗಳಿಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತದೆ. 9.4 ಬಂದರೆ ನಿಯರ್ ಮಿಂಟ್. 8.0 ವೆರಿ ಫೈನ್. 6.0 ಫೈನ್. 4.0 ವೆರಿ ಗುಡ್. 2.0 ಗುಡ್! ಅದರ ಕೆಳಗೆ 1.0 ಫೇರ್, 0.5 ಪೂರ್. ಅಂದರೆ 'ಗುಡ್' ಅನ್ನಿಸಿಕೊಂಡ ಪುಸ್ತಕಕ್ಕೆ ಹತ್ತಕ್ಕೆ ಎರಡು. ನಮ್ಮ ಎಸ್ಸೆಸ್ಸೆಲ್ಸಿಯಲ್ಲಾದರೆ ಫೇಲು. ಇದು ಮಾರುವವರ ಭಾಷೆ, ಅಲ್ವಾ? ಕೆಟ್ಟದ್ದು ಅಂತ ಬರೆದರೆ ಕೊಳ್ಳುವವರಿಲ್ಲ. ಮೇಲೆ ಮೇಲೆ ಮೆಟ್ಟಿಲು ಸೇರಿಸಿದ ಹಾಗೆ ಗುಡ್ ಕೆಳಗೆ ಜಾರಿರಬೇಕು.

ಇಂಗ್ಲಿಷಿನಲ್ಲಿ ಕಾಮಿಕ್ಸ್ ಕೊಳ್ಳುವವರಿಗೆ ಈ ಜಾರಿದ ಅರ್ಥ ಗೊತ್ತು. ಆದರೆ ಕನ್ನಡಕ್ಕೆ ತಂದಾಗ 'ಒಳ್ಳೆಯದು' ಜಾರಿರುವುದಿಲ್ಲ, ಅದು ಇದ್ದಲ್ಲೇ ಇದೆ. ಪದ ಸರಿ, ಅಳತೆ ತಪ್ಪು. ಹಾಗಾದರೆ ಈ ಮೆಟ್ಟಿಲುಗಳಿಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದೇ ನನ್ನ ಪ್ರಶ್ನೆ.

ಮೊದಲು ಮೆಟ್ಟಿಲಿಗೇ ಏನನ್ನೋಣ? 'ದರ್ಜೆ' ಅಂದರೆ ನನಗೆ ದ್ವಿತೀಯ ದರ್ಜೆ ಸಹಾಯಕರ ಮೇಜು ಕಣ್ಣೆದುರು ಬರುತ್ತದೆ. 'ಮೂರನೇ ದರ್ಜೆ' ಅಂತೂ ಬೈಗುಳವೇ ಆಗಿದೆ. 'ಶ್ರೇಣಿ' ಕಾಲೇಜಿನ ಗೋಡೆ ಮೇಲಿನ ಫಲಕದ ಪದ. 'ಗ್ರೇಡ್' ಅಂತಲೇ ಬಿಟ್ಟರೂ ನನ್ನ ತಕರಾರಿಲ್ಲ, ಎಲ್ಲರಿಗೂ ತಿಳಿಯುತ್ತದೆ. ತೊಂದರೆ ಇರುವುದು ಒಂದೊಂದು ಮೆಟ್ಟಿಲಿನ ಹೆಸರಲ್ಲಿ.

ನಾವು ಶಿರಸಿಯವರಿಗೆ ಮಾಲು ವಿಂಗಡಿಸಿ ಹೆಸರಿಡುವುದು ಹೊಸ ವಿದ್ಯೆಯಲ್ಲ. ಅಡಿಕೆ ಯಾರ್ಡಿಗೆ ಹೋಗಿ ನಿಂತರೆ ಸಾಕು. ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ. ಒಂದು ಹೆಸರಲ್ಲೂ ಹೊಗಳಿಕೆ ಇಲ್ಲ ನೋಡಿ. ಸಿಪ್ಪೆ ಸಮೇತ ಬಿಸಿಲಿಗೆ ಹಾಕಿ ಒಣಗಿಸಿ ಸುಲಿದರೆ ಚಾಲಿ. ಹಸಿಯಲ್ಲೇ ಸುಲಿದು ಬೇಯಿಸಿದರೆ ಕೆಂಪಡಿಕೆಯ ದಾರಿ. ಅದಕ್ಕೆ ಏನಾಗಿದೆ, ಹೇಗಿದೆ ಅನ್ನುವುದೇ ಹೆಸರು. ಕಳಪೆ ಮಾಲಾದ ಕೋಕಾವನ್ನು 'ಒಳ್ಳೆಯದು' ಅಂತ ಕರೆದು ಟೆಂಡರಿಗೆ ಇಡಿ, ದಲಾಲರು ಚೀಲ ಮುಟ್ಟುವ ಮೊದಲೇ ನಗುತ್ತಾರೆ. ಅಡಿಕೆ ಆರಿಸಲು ಕೂತವರ ಕೈ ನೋಡಿದ್ದೀರಲ್ಲ? ಬೆರಳಿಗೆ ತಾಗಿದ ಕೂಡಲೇ ಬುಟ್ಟಿ ಬೇರೆಯಾಗುತ್ತದೆ. ಪುಸ್ತಕಕ್ಕೂ ಅಂಥ ಹೆಸರು ಬೇಕು.

ಪ್ರಯತ್ನ ಮಾಡಿದ್ದೇನೆ. ಮಿಂಟಿಗೆ 'ಗರಿಗರಿ'. ಹೊಸ ನೋಟಿಗೆ ನಾವು ಗರಿಗರಿ ಅಂತೇವೆ. ಟಂಕಸಾಲೆಯ ನಾಣ್ಯದಿಂದ ಅವರು ಮಿಂಟ್ ಮಾಡಿಕೊಂಡರು, ನಾವು ನೋಟಿನಿಂದ ಗರಿಗರಿ ಮಾಡಿಕೊಳ್ಳೋಣ, ಹತ್ತಿರದ ನೆಂಟಸ್ತಿಕೆ. 'ಕೋರಾ' ಅಂತಲೂ ಯೋಚಿಸಿದೆ, ನೀರು ಕಾಣದ ಕೋರಾ ಬಟ್ಟೆ ಇದೆಯಲ್ಲ. ಆದರೆ ಕೋರಾ ಕಾಗದ ಅಂದರೆ ಏನೂ ಬರೆಯದ ಕಾಗದ ಅಂತಾಗಿಬಿಡುತ್ತದೆ. ಕಾಮಿಕ್ಸ್ ಖಾಲಿ ಇದ್ದರೆ ಕಷ್ಟ. 8.0ಕ್ಕೆ 'ಚೊಕ್ಕ'. 6.0ಕ್ಕೆ 'ಕೈಯಾಡಿದ್ದು', ಓದಿದ್ದಾರೆ, ಆದರೆ ಜೋಪಾನವಾಗಿ. 4.0ಕ್ಕೆ, ಅಂದರೆ ನನ್ನ 1,400 ರೂಪಾಯಿಗೆ, 'ಸವೆದದ್ದು'. ಕೊನೆಯ 0.5ಕ್ಕೆ 'ರದ್ದಿ' ಅಂದರೆ ಮುಗಿಯಿತು.

4.0ಕ್ಕೆ 'ಸುಮಾರು' ಅನ್ನಬಹುದಲ್ಲ ಅಂತ ಗೆಳೆಯರೊಬ್ಬರು ಹೇಳಿದರು. 'ಸುಮಾರು' ಕನ್ನಡದಲ್ಲೇ ಜಾರಿದ ಪದ, ಗುಡ್ಡಿನ ಅಣ್ಣ. 'ಸಿನಿಮಾ ಸುಮಾರಾಗಿದೆ' ಅಂದರೆ ಟಿಕೆಟ್ ತಗೋಬೇಡ ಅಂತಲೇ ಅರ್ಥ. ಆದರೆ 'ಸುಮಾರು 4.0' ಅಂತ ಬರೆದು ನೋಡಿ. ನಾಲ್ಕರ ಆಸುಪಾಸು ಅಂತ ಓದುತ್ತಾರೆ. ಅದಕ್ಕೇ ಬಿಟ್ಟೆ.

ನಾನು ಸಿಕ್ಕಿಬಿದ್ದಿರುವುದು 2.0ರಲ್ಲಿ. ಪುಸ್ತಕ ಸೊರಗಿದೆ, ಆದರೆ ಪುಟ ಎಲ್ಲಾ ಇದೆ, ಓದಲಿಕ್ಕೆ ಆಗುತ್ತದೆ. ಮೈಸೂರು ಕಡೆಯವರು 'ಪರವಾಗಿಲ್ಲ' ಅಂದಾರು. ನಮ್ಮ ಜಿಲ್ಲೆಯವರ ಬಾಯಲ್ಲಿ ಮೊದಲು ಬರುವುದು 'ಅಡ್ಡಿಲ್ಲ'. ಒಂದೇ ಪದ, ಅಂಗೈಯಷ್ಟು ಚಿಕ್ಕದು, ಹೇಳಿ ಮಾಡಿಸಿದ ಹಾಗಿದೆ ಅಂತ ಖುಷಿಪಟ್ಟೆ. ಪಟ್ಟಿ ತಯಾರಿಸಿ ಮನೆಯಲ್ಲಿ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿ ಕೇಳಿದಳು: "ಅಡ್ಡಿಲ್ಲೆ ಅಂದ ಮೇಲೆ ಅದನ್ನ ಅಷ್ಟು ಕೆಳಗೆ ಎಂತಕ್ಕೆ ಇಟ್ಟಿದ್ದೆ?"

ಅವಳು ಕೇಳಿದ್ದು ಸರಿಯೇ. ಹವ್ಯಕರ ಮನೆಯಲ್ಲಿ 'ಅಡ್ಡಿಲ್ಲೆ' ಅಂದರೆ ಅಷ್ಟು ಕಡಿಮೆ ಅಲ್ಲ. ಮದುವೆ ಊಟ ಭರ್ಜರಿಯಾಗಿತ್ತು ಅನ್ನಲಿಕ್ಕೂ 'ಅಡ್ಡಿಲ್ಲೆ', ಹುಡುಗ ಲಕ್ಷಣವಾಗಿದ್ದಾನೆ ಅನ್ನಲಿಕ್ಕೂ 'ಅಡ್ಡಿಲ್ಲೆ'. ತಲೆ ಅಲ್ಲಾಡಿಸಿ, ಮೊದಲ ಅಕ್ಷರ ಸ್ವಲ್ಪ ಎಳೆದರೆ ಹತ್ತಕ್ಕೆ ಒಂಬತ್ತು. ಕತ್ತರಿಸಿದ ಹಾಗೆ ಹೇಳಿದರೆ ಹತ್ತಕ್ಕೆ ಮೂರು. ಇನ್ನು 'ನಾಳೆ ಬರಲಾ?' ಅಂತ ಕೇಳಿದವರಿಗೆ 'ಅಡ್ಡಿಲ್ಲ' ಅಂದರೆ ಬರೀ ಒಪ್ಪಿಗೆ. ಬಾಯಲ್ಲಿ ದನಿ ಇದೆ, ಬರಹದಲ್ಲಿ ದನಿ ಎಲ್ಲಿಂದ ತರೋದು? ಇಂಗ್ಲಿಷಿನ ಗುಡ್ ಮೇಲಿನಿಂದ ಕೆಳಗೆ ಜಾರಿತು. ನಮ್ಮ ಅಡ್ಡಿಲ್ಲ ಮಾತ್ರ ಅಡಚಣೆ ಇಲ್ಲ ಎಂಬ ಕೆಳಗಿನ ಅರ್ಥದಿಂದ ಮೇಲಕ್ಕೆ ಹತ್ತಿದೆ. ಅಂಕೋಲಾ, ಕುಮಟಾ, ಹೊನ್ನಾವರದವರು ಇದ್ದರೆ ಹೇಳಿ, ಘಟ್ಟದ ಕೆಳಗೂ ಅದು ಇಷ್ಟೇ ಹತ್ತಿದೆಯಾ?

ಹಾಗಾಗಿ 2.0ಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ. ಅದರ ಕೆಳಗಿನ 1.0ಕ್ಕೆ ಸದ್ಯಕ್ಕೆ 'ನಡೀತದೆ' ಅಂತ ಇಟ್ಟಿದ್ದೇನೆ. ಅದರಲ್ಲಿ ಯಾರೂ ಹೊಗಳಿಕೆ ಕಾಣಲಾರರು.

ಕುಂದುಗಳ ಹೆಸರಿನಲ್ಲಿ ಅಷ್ಟು ಕಷ್ಟವಿಲ್ಲ, ನಮ್ಮ ಮಳೆಗಾಲವೇ ಎಲ್ಲಾ ಕಲಿಸಿದೆ. ಬೂಸ್ಟು, ತುಕ್ಕು, ಒರಲೆ, ತೇಪೆ. ಹಳೆ ಕಾಮಿಕ್ಸಿನ ಕಾಗದ ಮರದ ತಿರುಳಿನ ಅಗ್ಗದ ಕಾಗದ. ಅದರಲ್ಲಿರುವ ಲಿಗ್ನಿನ್ ಗಾಳಿ ಬೆಳಕಿಗೆ ಕಂದಾಗುತ್ತದೆ, ಹುಳಿ ಅಂಶ ನಾರನ್ನು ತಿನ್ನುತ್ತದೆ. ಹಾಗಾಗಿ ಪುಟದ ಬಣ್ಣವನ್ನೂ ಬೇರೆಯಾಗಿ ಬರೆಯುವ ಪದ್ಧತಿ ಇದೆ. ಬಿಳಿ, ಮಾಸಲು ಬಿಳಿ, ಕೆನೆ ಬಣ್ಣ, ಕಂದು. ಕಂದಿಗೆ ನಾನು 'ಚೊಗರು' ಅಂತೇನೆ, ಅಡಿಕೆ ಬೇಯಿಸಿದ ನೀರಿನ ಬಣ್ಣ. ಮುಟ್ಟಿದರೆ ಮುರಿಯುವ ಪುಟಕ್ಕೆ 'ಹಪ್ಪಳ'. ಫಾಕ್ಸಿಂಗ್ ಅನ್ನುವ ಕಂದು ಚುಕ್ಕೆಗಳಿಗೆ ಮಾತ್ರ ತಡಕಾಡಿದೆ. ಕಲೆ ಅಂದರೆ ಚಹಾ ಚೆಲ್ಲಿದ್ದೂ ಕಲೆಯೇ. ಕೊನೆಗೆ ಹೊಳೆದದ್ದು 'ಬಂಗು'. ವಯಸ್ಸಾದವರ ಕೆನ್ನೆ ಮೇಲೆ ಹೊರಗಿನಿಂದ ಏನೂ ತಾಗದೆ ತಾನಾಗಿ ಏಳುತ್ತದಲ್ಲ, ಅದು. ಕಾಗದದ ಮೇಲೂ ಥೇಟ್ ಹಾಗೇ ಏಳುತ್ತದೆ.

ಇನ್ನೊಂದು ನಮ್ಮದೇ ಕುಂದು ಇದೆ. ನಾವು ಪ್ರೀತಿಯಿಂದ ಹಾಳು ಮಾಡಿದ್ದು. ಹತ್ತಿಪ್ಪತ್ತು ಸಂಚಿಕೆ ಸೇರಿಸಿ, ರಟ್ಟು ಹಾಕಿ, ಬೈಂಡ್ ಮಾಡಿಸಿ, ಮೂರು ಅಂಚನ್ನೂ ಕತ್ತರಿಸಿ ನೇರ ಮಾಡಿಸುತ್ತಿದ್ದೆವು. ಅಂಚು ಕತ್ತರಿಸಿದ್ದನ್ನು ಸಿಜಿಸಿಯವರು ರಿಪೇರಿ ಮಾಡಿದ ಪುಸ್ತಕದ ಲೆಕ್ಕಕ್ಕೆ ಹಾಕಿ, ನೇರಳೆ ಚೀಟಿ ಅಂಟಿಸುತ್ತಾರೆ. ಅದಕ್ಕೆ 'ಅಂಚು ಹೊಡೆದದ್ದು' ಅಂದರೆ ಬೈಂಡಿಂಗ್ ಅಂಗಡಿಯವರಿಗೂ ತಿಳಿದೀತು.

ಬೆಲೆಯ ಪದಗಳಲ್ಲಿ ಕನ್ನಡ ಇಂಗ್ಲಿಷಿಗಿಂತ ಸಿರಿವಂತ ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಮುಖಪುಟದ ಮೇಲೆ ಅಚ್ಚಾದದ್ದು ಮುಖಬೆಲೆ. ಮಾರುಕಟ್ಟೆಯಲ್ಲಿ ಇವತ್ತು ನಡೆಯುವುದು ಧಾರಣೆ. ನನಗೆ ಅದರ ಮೇಲಿರುವುದು ಕಿಮ್ಮತ್ತು. 1970ರಲ್ಲಿ ಶುರುವಾದ, ಅಮೆರಿಕದ ಕಾಮಿಕ್ಸಿನ ಓವರ್‌ಸ್ಟ್ರೀಟ್ ಬೆಲೆಪಟ್ಟಿಯನ್ನು ನಾನು 'ಧಾರಣೆ ಪಟ್ಟಿ' ಅಂತಲೇ ಕರೆಯುತ್ತೇನೆ. ಗ್ರೇಡು ಬೇರೆ, ಧಾರಣೆ ಬೇರೆ ಅನ್ನುವುದು ಅಡಿಕೆ ಬೆಳೆಗಾರರಿಗೆ ಗೊತ್ತು, ಕಾಮಿಕ್ಸಿಗೆ ಹೊಸಬರಾದವರಿಗೆ ಗೊತ್ತಿರುವುದಿಲ್ಲ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆಕ್ಷನ್ ಕಾಮಿಕ್ಸ್ ಸಂಚಿಕೆಯ ಮುಖಬೆಲೆ 10 ಸೆಂಟ್. ಅದರ 9.0 ಅಂಕದ ಪ್ರತಿ 2014ರಲ್ಲಿ 32 ಲಕ್ಷ ಡಾಲರಿಗೆ ಹೋಯಿತು. ಅದಕ್ಕಿಂತ ಕೆಳಗಿನ, 8.5ರ ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಗ್ರೇಡು ಕೆಳಗೆ, ಧಾರಣೆ ಮೇಲೆ.

'ಮೊದಲ' ಎಂಬ ಪದದ ಬಗ್ಗೆಯೂ ಒಂದು ತಕರಾರಿದೆ. ನಮ್ಮಲ್ಲಿ 'ಮೊದಲ ಸಂಚಿಕೆ' ಅಂತ ಮಾರುವವರು ಒಂದನೇ ನಂಬರಿನ ಪುಸ್ತಕಕ್ಕೂ ಹಾಗೇ ಅಂತಾರೆ, ಮೊದಲ ಸಲ ಅಚ್ಚಾದ ಪ್ರತಿಗೂ ಹಾಗೇ ಅಂತಾರೆ. ಅಮರ ಚಿತ್ರಕಥೆಯಲ್ಲಂತೂ ಇದು ದೊಡ್ಡ ಗೋಜಲು, ಒಂದೇ ಪುಸ್ತಕ ಎಷ್ಟೋ ಸಲ ಮರುಮುದ್ರಣವಾಗಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ 'ಕೃಷ್ಣ'ನನ್ನೇ ಎಲ್ಲರೂ ಮೊದಲನೆಯದು ಅನ್ನುತ್ತಾರೆ. ಆದರೆ ಅದರ ನಂಬರು 11. ಮೊದಲ ಹತ್ತು ಎಲ್ಲಿ ಹೋದವು? ಅವು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಬಂದವು, ಹೊರದೇಶದ ಕಿನ್ನರಿ ಕಥೆಗಳು. ಮುಂದೆ ನಂಬರು ಬದಲಿಸಿದಾಗ ಅದೇ ಕೃಷ್ಣ 501 ಆದ. ನಾನು 'ಒಂದನೇ ಅಚ್ಚು', 'ಮರು ಅಚ್ಚು', 'ಒಂದನೇ ನಂಬರು' ಅಂತ ಬಿಡಿಸಿ ಬರೆಯುತ್ತಿದ್ದೇನೆ. ಆ ಹತ್ತರಲ್ಲಿ ಒಂದಾದರೂ ಯಾರದ್ದಾದರೂ ಅಟ್ಟದ ಮೇಲೆ ಇದ್ದರೆ ಪದಚರ್ಚೆ ಬಿಡಿ, ಮೊದಲು ಅದನ್ನು ಇಳಿಸಿ.

ಈ ವಾರ ನನ್ನ ಹತ್ತಿರದ್ದೊಂದು ಪ್ರತಿ ಮಾರುವವನಿದ್ದೇನೆ. ವಿವರ ಹೀಗೆ ಬರೆದಿದ್ದೇನೆ: 'ಸವೆದದ್ದು, 4.0. ಬೆನ್ನು ಕೆಳಗೆ ಅರ್ಧ ಇಂಚು ಬಿಟ್ಟಿದೆ. ಪಿನ್ನಿಗೆ ತುಕ್ಕು. ಮುಖಪುಟದ ಮೂಲೆ ಮಡಚಿದ್ದು, ಮೇಲೆ ನೀಲಿ ಶಾಯಿಯ ಬರಹ. ಹಿಂಬದಿ ರಟ್ಟಿಗೆ ಒಂದೆರಡು ಬಂಗು. ಪುಟ ಕೆನೆ ಬಣ್ಣ, ಹಪ್ಪಳ ಆಗಿಲ್ಲ. ಅಂಚು ಹೊಡೆದಿಲ್ಲ. ಓದಲಿಕ್ಕೆ ಅಡ್ಡಿಲ್ಲ.' ಮಂಡ್ಯದವರು, ಕಲಬುರಗಿಯವರು ಇದನ್ನು ಓದಿ, ಎಲ್ಲಿ ತಡವರಿಸಿದಿರಿ ಹೇಳಿ. ಕೊನೆಯ ಪದ ಹೊಗಳಿಕೆಯ ಹಾಗೆ ಕೇಳಿದರೆ ಅದನ್ನೂ ಹೇಳಿ, ತೆಗೆದುಹಾಕುತ್ತೇನೆ.